ಗುಂಡಿನ ಅಚ್ಚು

ನಾನು ಚಿಕ್ಕವನಿದ್ದಾಗ, ಎರಡು ಸಾವಿರದ ಹತ್ತರ ದಶಕದಲ್ಲಿ, ನಾವು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದೆವು. ಅಪ್ಪ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಲ್ಪೆ ಕಡೆಯವರಾದ್ದರಿಂದ ರಜೆ ಸಿಕ್ಕರೆ ಗಾಳ ಹಿಡಿದು ಸಮುದ್ರಕ್ಕೆ ಹೋಗುತ್ತಿದ್ದರು. ಗಾಳದ ದಾರ ನೀರಿನಲ್ಲಿ ಮುಳುಗಲು ಅದಕ್ಕೊಂದು ಸೀಸದ ಗುಂಡು ಕಟ್ಟಬೇಕು. ಆ ಗುಂಡುಗಳನ್ನು ಅಪ್ಪ ಮನೆಯಂಗಳದಲ್ಲೇ ಎರಕ ಹೊಯ್ಯುತ್ತಿದ್ದರು.

ಆ ದಿನ ಬೆಳಿಗ್ಗೆ ಅವರು ಅಚ್ಚನ್ನು ರಿಪೇರಿ ಮಾಡುತ್ತಿದ್ದರು. ಅಚ್ಚೆಂದರೆ ಪುಸ್ತಕದಂತೆ ತೆರೆದು ಮುಚ್ಚುವ ಎರಡು ಅಲ್ಯೂಮಿನಿಯಂ ತುಂಡುಗಳು. ಹಿಂದಿನ ವಾರದ ಗುಂಡುಗಳ ಅಂಚಿಗೆ ಕಾಗದದಷ್ಟು ತೆಳುವಾದ ರೆಕ್ಕೆ ಮೂಡಿತ್ತು. ಅಪ್ಪ ಅಚ್ಚನ್ನು ಮುಚ್ಚಿ ಬಿಸಿಲಿಗೆ ಹಿಡಿದರು. ನಡುವೆ ಬೆಳಕಿನ ಒಂದು ಗೆರೆ ಕಂಡಿತು. ಒಳಗೆ ಸಾಸಿವೆಗಿಂತ ಚಿಕ್ಕ ಸೀಸದ ಕಣವೊಂದು ಅಂಟಿಕೊಂಡಿತ್ತು. ಅದನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರು.

"ಚಾಕು ಯಾಕೆ ಬೇಡ?" ಎಂದು ಕೇಳಿದೆ.

"ಗೀರು ಬಿದ್ರೆ ಗುಂಡು ಅಚ್ಚು ಬಿಟ್ಟು ಬರುದಿಲ್ಲ ಮಾರಾಯ. ನೀನು ಮುಟ್ಬೇಡ, ಬಸ್ ಬರ್ತದೆ."

ಆಮೇಲೆ ಮೇಣದ ಬತ್ತಿ ಹಚ್ಚಿ, ಅಚ್ಚಿನ ಒಳಮೈಗೆ ತೆಳ್ಳಗೆ ಮಸಿ ಹಿಡಿಸಿದರು. ಸೀಸ ಅಂಟದಿರಲಿ ಎಂದು. ಆ ವಾಸನೆ ಮೂಗಿನಲ್ಲಿರುವಾಗಲೇ ನಾನು ಬಸ್ ಹತ್ತಿದೆ.

ಶಾಲೆಯಲ್ಲಿ ಟೀಚರ್ ನಮ್ಮ ಅಪ್ಪ ಅಮ್ಮಂದಿರ ಹವ್ಯಾಸ ಕೇಳಿದರು. ಗುಂಡಿಗೆ ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದುದು ಒಂದೇ ಪದ. ಎದ್ದು ನಿಂತು, "ಮೈ ಫಾದರ್ ಮೇಕ್ಸ್ ಬುಲೆಟ್ಸ್ ಅಟ್ ಹೋಮ್" ಎಂದೆ. ನಾನು ಹೇಳಿದ್ದು ಬಂದೂಕಿನ ಗುಂಡು ಎಂದಾಯಿತು. ಟೀಚರ್ ಮಾರ್ಕರ್ ಕೆಳಗಿಟ್ಟರು. 

ನನ್ನನ್ನೂ, ಅದೇ ಶಾಲೆಯಲ್ಲಿ ಓದುತ್ತಿದ್ದ ಅಕ್ಕನನ್ನೂ ಪ್ರಿನ್ಸಿಪಾಲರ ಕೋಣೆಯ ಹೊರಗೆ ಕೂರಿಸಿದರು. ಅಪ್ಪನಿಗೆ ಫೋನ್ ಹೋಯಿತು.

"ಎಂತ ಹೇಳಿದ್ದು ನೀನು?" ಅಕ್ಕ ಪಿಸುಗುಟ್ಟಿದಳು. "ಇವರು ಪೊಲೀಸಿಗೆ ಹೇಳಿದ್ರೆ ಅಪ್ಪನ ಕೆಲಸ ಖಲಾಸ್. ವೀಸಾವೂ ಹೋಗ್ತದೆ."

"ಗುಂಡಿಗೆ ನಂಗೆ ಬೇರೆ ಪದ ಗೊತ್ತಿರ್ಲಿಲ್ಲ," ಎಂದೆ.

ಅಪ್ಪ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಮನೆಗೆ ಹೋಗಿ, ಒಂದು ಬಟ್ಟೆಗಂಟು ಹಿಡಿದು ಬಂದರು. ನಮ್ಮನ್ನೂ ಒಳಗೆ ಕರೆದರು. ಅಪ್ಪ ಗಂಟು ಬಿಚ್ಚಿ ಪ್ರಿನ್ಸಿಪಾಲರ ಮೇಜಿನ ಮೇಲೆ ಅಚ್ಚು, ಒಂದು ಗುಂಡು, ದಾರ, ಮೀನು ಹಿಡಿಯುವ ಲೈಸೆನ್ಸ್ ಎಲ್ಲವನ್ನೂ ಇಟ್ಟರು. ಅವರಿಗೆ ಇಂಗ್ಲಿಷ್ ಹೆಚ್ಚು ಬರುತ್ತಿರಲಿಲ್ಲ. ಗುಂಡಿನ ತೂತಿಗೆ ದಾರ ಪೋಣಿಸಿ, ಗಂಟು ಹಾಕಿ, ಮೇಜಿನ ಮೇಲಿದ್ದ ನೀರಿನ ಗ್ಲಾಸಿನೊಳಗೆ ಇಳಿಬಿಟ್ಟರು. ಟಕ್ ಎಂದು ತಳ ಮುಟ್ಟಿತು.

"ಮೇಡಂ, ಫಿಶ್. ಓನ್ಲಿ ಫಿಶ್."

ಪ್ರಿನ್ಸಿಪಾಲರು ಲೈಸೆನ್ಸ್ ಓದಿದರು. ಪೊಲೀಸರಿಗೆಂದು ಅರ್ಧ ಬರೆದಿದ್ದ ದೂರಿನ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. "ಅದು ನನ್ನ ಕುಡಿಯುವ ನೀರು," ಎಂದು ಹಿಂದಿಯಲ್ಲಿ ಹೇಳಿದರು. "ಇನ್ನು ಗ್ಲಾಸು ನೀವೇ ಇಟ್ಟುಕೊಳ್ಳಿ."

ಅಪ್ಪ ಬೈಯಲಿಲ್ಲ. ಗುಂಡನ್ನು ನನ್ನ ಕೈಗಿಟ್ಟು ಕಾರು ಸ್ಟಾರ್ಟ್ ಮಾಡಿದರು. "ಈ ಗುಂಡಿಗೆ ಇಂಗ್ಲಿಷಲ್ಲಿ ಸಿಂಕರ್ ಅಂತಾರಂತೆ, ಮೇಡಂ ಹೇಳಿದ್ರು," ಎಂದರು. "ನಂಗೂ ಗೊತ್ತಿರ್ಲಿಲ್ಲ ಮಗಾ."

ಮಕ್ಕಳೇ, ನೀವು ಈಗ ಯಾವ ಪದ ಹೇಳಿದರೂ ನಿಮ್ಮ ಫೋನು ಅದನ್ನು ಹತ್ತು ಭಾಷೆಗೆ ತಿರುಗಿಸಿ, ಚಿತ್ರವನ್ನೂ ತೋರಿಸುತ್ತದೆ. ನನ್ನ ಒಂದು ಪದವನ್ನು ತಿದ್ದಲು ಅಂದು ಅಪ್ಪ ಅರ್ಧ ದಿನದ ಕೆಲಸ ಬಿಟ್ಟು, ಆ ವಸ್ತುವನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಬರಬೇಕಾಯಿತು.