ಸರಳಾಳ ಎಡಗೈ

ಡಾಕ್ಟರು ನನಗೆ ಹೇಳಿದ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಮನೆಗೆ ಮುಟ್ಟಿಸಿದೆ. ಇನ್ನೊಂದನ್ನು ಮುಚ್ಚಿಟ್ಟೆ. ಮರೆತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ — ಮರೆತಿರಲಿಲ್ಲ.

ಸರಳಾ ನನ್ನ ತಮ್ಮ ಪ್ರಕಾಶನ ಹೆಂಡತಿ. ಔರಾದ ತಾಲೂಕಿನ ಡಾಬಕಾದವಳು; ಮದುವೆಯಾಗಿ ಭಾಲ್ಕಿಯ ನಮ್ಮ ಮನೆಗೆ ಬಂದಿದ್ದಳು. ನಾನು ಆಗ ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಒಂದು ದಿನ ಬಸ್ಸಿನಿಂದ ಇಳಿಯುವಾಗ ಅವಳ ಕಾಲು ಜಾರಿತು. ಬಾಗಿಲ ಕಂಬಿ ಹಿಡಿದಿದ್ದ ಎಡಗೈ ತಿರುಚಿಕೊಂಡಿತು. ಮುಂಗೈ ಬಾತು ನೀಲಿಗಟ್ಟಿತು. ನಾನೇ ಎಕ್ಸ್‌ರೇ ತೆಗೆಸಿದೆ.

ಸರಳಾ ಹೊರಗೆ ಕೂತಿದ್ದಾಗ ಅದನ್ನು ನೋಡಿದ ಡಾಕ್ಟರು ನನ್ನೊಬ್ಬಳಿಗೇ, "ಎಲುಬು ನೆಟ್ಟಗದ. ಆದ್ರ ಒಳಗ ಮಾಂಸಕ್ಕ, ನರಕ್ಕ ಪೆಟ್ಟಾಗಿರಬಹುದು. ಬಾವು ಇಳಿದ ಮ್ಯಾಲೂ ಉರಿ ಉಳೀತಂದ್ರ ತಡ ಮಾಡಬ್ಯಾಡ್ರಿ ಸಿಸ್ಟರ್, ಕರ್ಕೊಂಡು ಬರ್ರಿ" ಎಂದರು.

ಬಾವು ಇಳಿಯಿತು. ಉರಿ ಉಳಿಯಿತು. ಬಳೆ ಸೋಕಿದರೂ, ಸೆರಗು ತಾಗಿದರೂ ಬೆಂಕಿ ಇಟ್ಟಂತಾಗುತ್ತದೆ ಎನ್ನುತ್ತಿದ್ದಳು. ರೊಟ್ಟಿ ಬಡಿಯಲು ಕೂತರೆ ಕಣ್ಣಲ್ಲಿ ನೀರು. ಒಂದು ರವಿವಾರ ನಾನು ಮನೆಗೆ ಬಂದಾಗ ಅವ್ವ ನನ್ನನ್ನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ನೀ ನರ್ಸ್ ಇದ್ದಿ, ನೀನೇ ಹೇಳು. ಆಕಿ ಕೈಗಿ ಖರೇನ ಏನರ ಆಗ್ಯಾದೇನು?"

"ಎಲುಬಿಗಿ ಏನೂ ಆಗಿಲ್ಲವ್ವಾ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಕೆಲಸ ತಪ್ಪಿಸ್ಕೊಳ್ಳೋ ನೆವ ಅದು."

ಸರಳಾ ಒಳಗೇ ಇದ್ದಳು. ಕೇಳಿಸಿಕೊಂಡಳು.

ಯಾಕೆ ಹಾಗೆ ಹೇಳಿದೆ? ಅವಳು ಬಂದ ಮೇಲೆ ಅವ್ವ ಎಲ್ಲರೆದುರು ಅವಳನ್ನೇ ಹೊಗಳುತ್ತಿದ್ದಳು — ಅದನ್ನು ಸಹಿಸಲಾಗಲಿಲ್ಲ. ಇಷ್ಟೇ. ದೊಡ್ಡ ಕಾರಣವೇನೂ ಇಲ್ಲ.

ನರ್ಸಿನ ಮಾತು ಮನೆಯಲ್ಲಿ ನಡೆಯಿತು. ಪ್ರಕಾಶ ಔಷಧ ತರುವುದು ಬಿಟ್ಟ. ಅವಳು ಹಲ್ಲು ಕಚ್ಚಿ ರೊಟ್ಟಿ ಬಡಿದಳು, ನೀರು ಹೊತ್ತಳು. ಕೊನೆಗೊಮ್ಮೆ ಕುದಿಯುವ ಬೇಳೆಯ ಪಾತ್ರೆ ಆ ಕೈಯಿಂದ ಜಾರಿ ಅವ್ವನ ಪಾದ ಸುಟ್ಟಿತು. ಬೇಕೆಂದೇ ಮಾಡಿದಳೆಂದು ಪ್ರಕಾಶ ಅವಳನ್ನು ಡಾಬಕಾಕ್ಕೆ ಬಿಟ್ಟು ಬಂದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಲ್ಲಿ ಎಣ್ಣೆ ತಿಕ್ಕುವುದು, ಪಟ್ಟು ಹಾಕುವುದು ಎನ್ನುತ್ತಲೇ ವರ್ಷಗಳು ಹೋದವು. ಈಚೆಗೆ ಅವಳ ಅಣ್ಣ ಉದಗೀರಿನ ಡಾಕ್ಟರಿಗೆ ತೋರಿಸಿದ. ಪೆಟ್ಟಾದ ಮಾಂಸ ಒಳಗೇ ಗಂಟುಗಟ್ಟಿ ನರವನ್ನು ಹಿಡಿದುಕೊಂಡಿದೆ, ಮೊದಲೇ ಬಂದಿದ್ದರೆ ನೋವು ಇಷ್ಟು ಬೇರೂರದೆ ಇರಬಹುದಿತ್ತು ಎಂದರಂತೆ. ಗುಳಿಗೆಯಿಂದ ಉರಿ ತಗ್ಗಿದೆ, ಹೋಗಿಲ್ಲ.

ಸುದ್ದಿ ತಿಳಿದು ನಾನು ಡಾಬಕಾಕ್ಕೆ ಹೋದೆ. ಡಾಕ್ಟರು ಅಂದು ಹೇಳಿದ್ದನ್ನೆಲ್ಲ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಸರಳಾ ಬಯ್ಯಲಿಲ್ಲ.

"ಅಕ್ಕಾ, ನೀವು ದವಾಖಾನಿಯವರು. ನೀವೇ ನೆವ ಅಂದ ಮ್ಯಾಲ, ಖರೇನ ನಾನೇ ನಾಟಕ ಮಾಡ್ಲಿಕತ್ತೀನೇನೋ ಅಂತ ನನ್ನ ಮ್ಯಾಲೇ ನನಗ ಗುಮಾನಿ ಬಂದಿತ್ತುರಿ," ಎಂದಳು.

ಅವಳೇ ಮುಂದುವರಿದು ಕೇಳಿದಳು:

"ಇದನ್ನ ಅತ್ತಿ ಮುಂದ ಹೇಳ್ತೀರೇನ್ರಿ?"

ಭಾಲ್ಕಿಗೆ ಬಂದು ಹೇಳಿದೆ — ಪ್ರಕಾಶನನ್ನೂ ಎದುರಿಗೆ ಕೂಡಿಸಿಕೊಂಡು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಪ್ರಕಾಶ ಮರುದಿನವೇ ಡಾಬಕಾದ ಬಸ್ಸು ಹಿಡಿದ. ಸರಳಾ ಅವನೊಂದಿಗೆ ಬರಲಿಲ್ಲ. ಔರಾದಿನ ಒಂದು ಶಾಲೆಯಲ್ಲಿ ಕೆಲಸ ಹಿಡಿದಿದ್ದಾಳೆ. ಇನ್ನು ಬರುವ ಮನಸ್ಸಿಲ್ಲ ಎಂದಳಂತೆ. ಬಾ ಎನ್ನುವ ಹಕ್ಕು ನನಗಿಲ್ಲ. ಕ್ಷಮೆಯನ್ನೂ ನಾನು ಕೇಳಿಲ್ಲ — ಕೇಳಿದರೆ, ಕೊಡುವ ಭಾರವೂ ಅವಳ ಮೇಲೆಯೇ ಬೀಳುತ್ತದೆ.