ರೈಮಂಡನ ಒದ್ದೆ ಬೂಟು

ಗಲ್ಫಿನ ದಾರ್ಸೈಟ್‌ನಲ್ಲಿ ನೆಲೆಸಿದ ನಮ್ಮ ಊರ ಹೆಂಗಸರಿಗೆ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಎರಡು ಕೆಲಸ. ಒಂದು, ಕೋಳಿ ಸುಕ್ಕ ಮಾಡುವುದು. ಇನ್ನೊಂದು, ಒಲೆಯ ಪಕ್ಕ ಫೋನ್ ಒರಗಿಸಿಟ್ಟು ಗ್ರೆಟ್ಟಾ ಹೇಳುವ ಕಥೆ ಕೇಳುವುದು.

ಗ್ರೆಟ್ಟಾ, ವಾದಿ ಅದಾಯ್ ಎಂಬಲ್ಲಿನ ಒಂದು ಟೈರ್ ಶೋರೂಮಿನ ಕೌಂಟರಿನಲ್ಲಿ ಕೂರುವವಳು. ವಾರವಿಡೀ ರಬ್ಬರಿನ ವಾಸನೆ ಕುಡಿದು, ರಜೆಯ ದಿನ ಒಮ್ಮೆಲೇ ಶಿಲುಬೆ ಯುದ್ಧಗಳ ಕಾಲಕ್ಕೆ ಹೋಗಿಬಿಡುತ್ತಿದ್ದಳು. ಜೆರುಸಲೇಮಿಗೆಂದು ಕುದುರೆ ಏರಿ ಹೋದ ರೈಮಂಡ್, ಕೋಟೆಯಲ್ಲಿ ಅವನಿಗಾಗಿ ಕಾಯುವ ಹೆಂಡತಿ ಇಸಬೆಲ್ಲಾ. ಕಥೆಯನ್ನು ತಾನೇ ಕಟ್ಟಿ, ತನ್ನದೇ ದನಿಯಲ್ಲಿ ಹೇಳಿ, ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ರೈಮಂಡ್ ಡಮಾಸ್ಕಸ್ಸಿನ ಸೆರೆಯಿಂದ ತಪ್ಪಿಸಿಕೊಂಡ ವಾರ ಎಷ್ಟು ಮನೆಗಳಲ್ಲಿ ಸುಕ್ಕ ತಳ ಹಿಡಿಯಿತೋ, ಗಂಡಂದಿರನ್ನೇ ಕೇಳಬೇಕು.

ಗುಂಪಿನಲ್ಲಿ ಯಾರೂ ಬಾಯಿಬಿಡದ ಸಂಗತಿಯೊಂದಿತ್ತು. ಗ್ರೆಟ್ಟಾಳ ಗಂಡ ಜೂಲಿಯನ್ ನೀರಿನ ಪಂಪು ಮಾರುತ್ತಿದ್ದ. ಸಹಮ್‌ನ ತೋಟಗಳಿಗೆ ಹೋಗಿ ಮರಳುವಾಗ, ವರ್ಷವಿಡೀ ಒಣಗಿಕೊಂಡಿರುವ, ಅಲ್ಲಿನವರು ವಾದಿ ಎನ್ನುವ ಹಳ್ಳದಲ್ಲಿ ಏಕಾಏಕಿ ನೆರೆ ನುಗ್ಗಿತು. ಕಾರು ಸಿಕ್ಕಿತು, ಅವನು ಸಿಗಲಿಲ್ಲ. ನಾಲ್ಕು ವರ್ಷ ಕಳೆದರೂ ಇಗರ್ಜಿಯ ಪ್ರಾರ್ಥನೆಯಲ್ಲಿ ಅವನ ಹೆಸರು ಬರುವುದು ಪ್ರಯಾಣದಲ್ಲಿರುವವರ ಜೊತೆ, ತೀರಿಹೋದವರ ಜೊತೆಯಲ್ಲ. ಸತ್ತವರ ಜೊತೆ ಹೇಳಿಸಿದರೆ ತಾನೇ ಅವನನ್ನು ಕೊಂದಂತೆ ಎಂದು ಗ್ರೆಟ್ಟಾಳಿಗೆ ಭಯ.

ಅವಳು ಯಾರಿಗೂ ಹೇಳದ ಸಂಗತಿ ಬೇರೆಯೇ ಇತ್ತು. ಶುಕ್ರವಾರ ಬಂತೆಂದರೆ ಮನೆ ಬಾಗಿಲಿನ ಮ್ಯಾಟು ಒದ್ದೆ. ಎಸಿಯ ನೀರಿರಬೇಕೆಂದು ರಿಪೇರಿಯ ಸಿದ್ದೀಕನನ್ನು ಕರೆಸಿದಳು. ಅವನು ಪೈಪನ್ನೆಲ್ಲ ತಡಕಿ, "ಮೇಡಂ, ಎಲ್ಲೂ ಲೀಕ್ ಇಲ್ಲ" ಎಂದು ಹೊರಟುಹೋದ. ಹಾಗಾದರೆ ಬಾಗಿಲಿಗೆ ಬಂದು ನಿಲ್ಲುವವರು ಯಾರು ಎಂದು ಅವಳಿಗೆ ಹೆದರಿಕೆಯಾಯಿತು. ಒಳಗೊಳಗೇ ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದೇಕೆ.

ಒಂದು ಶುಕ್ರವಾರ ಮಧ್ಯಾಹ್ನ ಮೇಲಿನ ಫ್ಲ್ಯಾಟಿನ ಪ್ಯಾಟ್ರಿಷಿಯಾ ಇಳಿದುಬಂದಳು. ಇಗರ್ಜಿಯಲ್ಲಿ ಆ ಹೆಸರುಗಳನ್ನು ಓದುವವಳು ಅವಳೇ.

"ಗ್ರೆಟ್ಟಾ, ಬೇಜಾರು ಮಾಡ್ಬೇಡ. ರೈಮಂಡ್ ಬರುವುದು ಮರುಭೂಮಿ ದಾಟಿ ಅಲ್ವಾ? ಮತ್ತೆ ಅವನ ಬೂಟು ಎಂತಕ್ಕೆ ಒದ್ದೆ?"

"ಒದ್ದೆ ಅಂತ ನಾನೆಲ್ಲಿ ಹೇಳಿದ್ದೇನೆ?"

ಪ್ಯಾಟ್ರಿಷಿಯಾ ಫೋನ್ ಒತ್ತಿದಳು. ಗ್ರೆಟ್ಟಾಳದೇ ದನಿ: "ರೈಮಂಡ್ ಕೋಟೆಯ ಬಾಗಿಲಲ್ಲಿ ನಿಂತ. ಅವನ ಬೂಟಿನಿಂದ ನೀರು ಇಳಿಯುತ್ತಿತ್ತು." ಹಿಂದಿನ ವಾರದ್ದರಲ್ಲೂ ಅದೇ ಮಾತು. ಅದರ ಹಿಂದಿನದ್ದರಲ್ಲೂ ಅದೇ. ಹಾಗೆ ಹೇಳಿದ ನೆನಪೇ ಗ್ರೆಟ್ಟಾಳಿಗಿರಲಿಲ್ಲ.

"ಎಷ್ಟು ವಾರ ಅಂತ ಬಾಗಿಲಲ್ಲೇ ನಿಲ್ಲಿಸ್ತಿ ಮಾರಾಯ್ತಿ?" ಪ್ಯಾಟ್ರಿಷಿಯಾ ಮೆಲ್ಲಗೆ ಹೇಳಿದಳು. "ಪಾಪ, ಅವನಿಗೂ ಚಳಿ ಆಗ್ತದೆ."

ಕಾಯುವ ಕಷ್ಟವೆಲ್ಲ ತನ್ನದು ಎಂದುಕೊಂಡಿದ್ದಳು ಗ್ರೆಟ್ಟಾ. ಹೊರಗೆ ನಿಂತವನ ಚಳಿ ಅವಳಿಗೆ ಹೊಳೆದೇ ಇರಲಿಲ್ಲ. ಅಂದೇ ಕೂತು ಕಥೆಯ ಕೊನೆಯ ಭಾಗ ಹೇಳಿ ಮುಗಿಸಿದಳು. ಇಸಬೆಲ್ಲಾ ಬಾಗಿಲು ತೆರೆದಳು. ಬೂಟು ಬಿಚ್ಚಿ, ಅವನ ಪಾದಗಳನ್ನು ತನ್ನ ಸೆರಗಿನಿಂದ ಒರೆಸಿದಳು. ಕೋಟೆಯ ರಾಣಿಗೆ ಸೆರಗೆಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. "ನಡೆದದ್ದು ಸಾಕು, ಇನ್ನು ಮಲಗು" ಎಂದಳು ಇಸಬೆಲ್ಲಾ. ರೈಮಂಡ್ ಅವಳ ಮಡಿಲಲ್ಲಿ ಕಣ್ಣು ಮುಚ್ಚಿದ.

ಮುಂದಿನ ಶುಕ್ರವಾರ ಪೂಜೆಗೆ ಮುಂಚೆ ಗ್ರೆಟ್ಟಾ ಪ್ಯಾಟ್ರಿಷಿಯಾಳ ಕೈ ಹಿಡಿದಳು.

"ಜೂಲಿಯನ್‌ನ ಪ್ರಯಾಣ ಮುಗೀತು. ಅವನ ಹೆಸರು ತೀರಿಹೋದವರ ಜೊತೆ ಓದು."

ಪ್ಯಾಟ್ರಿಷಿಯಾ ಹಾಗೆಯೇ ಓದಿದಳು. ಗ್ರೆಟ್ಟಾ ಅಲ್ಲಿ ಅಳಲಿಲ್ಲ. ಮನೆಗೆ ಬಂದು, ಬೀಗ ತೆಗೆಯುವ ಮೊದಲು ಬಗ್ಗಿ ಮ್ಯಾಟು ಮುಟ್ಟಿದಳು. ಒಣಗಿತ್ತು. ಬೇರೆ ಮೂಲೆ ಮುಟ್ಟಿದಳು, ಅದೂ ಒಣಗಿತ್ತು. ಒದ್ದೆಗೆ ಹೆದರುತ್ತಿದ್ದವಳು ಆ ಒಣ ಮ್ಯಾಟನ್ನು ಎದೆಗೆ ಒತ್ತಿಕೊಂಡು ಹೊಸಿಲಲ್ಲೇ ಕೂತು ಅತ್ತಳು.