ಯಲ್ಲಪ್ಪನ ಕಟ್ಟಿಗೆಯ ಪಿಸ್ತೂಲುಗಳು

ಯಲ್ಲಪ್ಪನ ಅಂಗಡಿಯ ಗೋಡೆಗೆ ಏಳು ಪಿಸ್ತೂಲು ತೂಗುತ್ತಿದ್ದವು, ಏಳೂ ಕಟ್ಟಿಗೆಯವು. ಏಳೋ ಒಂಬತ್ತೋ, ಆಣೆ ಮಾಡಿ ಹೇಳಲಾರೆ. ಆಗ ನನಗೆ ಹತ್ತು ವರ್ಷವಿರಬೇಕು. ಅಂಗಡಿ ಮಿರಜ ಸ್ಟೇಷನ್ನಿನ ಹಿಂದಿತ್ತು ಎಂದರೆ ಅವ್ವ ಒಪ್ಪುವುದಿಲ್ಲ. ಕಟ್ಟಿಗೆಯವು ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಸಂಸ್ಥಾನದ ಸರದಾರರಿಗೆ, ಸಾವಕಾರರಿಗೆ ಅವನು ಪಿಸ್ತೂಲಿನ ಚರ್ಮದ ಚೀಲ ಹೊಲಿದುಕೊಡುತ್ತಿದ್ದ. ನೆನೆಸಿದ ಚರ್ಮವನ್ನು ಪಿಸ್ತೂಲಿನ ಸುತ್ತ ಒತ್ತಿ, ಎಲುಬಿನ ತುಂಡಿನಿಂದ ತೀಡಿ ಒಣಗಿಸಿದರೇ ಚೀಲ ಅದನ್ನು ಬಿಗಿಯಾಗಿ ಹಿಡಿಯುವುದು. ಆದರೆ ಸಮಗಾರನ ಕೈಗೆ ಪಿಸ್ತೂಲು ಕೊಡುವವರು ಯಾರು? ದಸರೆಗೆ ಪೂಜೆಗೊಳ್ಳುವ ಆಯುಧ, ಅವನು ಮುಟ್ಟಿದರೆ ಮೈಲಿಗೆ. ಅದಕ್ಕೇ ದೂರ ಕುಳಿತು, ನೋಡಿ ನೋಡಿ, ಒಂದೊಂದನ್ನೂ ಕಟ್ಟಿಗೆಯಲ್ಲಿ ಕೆತ್ತಿಕೊಳ್ಳುತ್ತಿದ್ದ. ಅವನು ಹೊಲಿದ ಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಯಾರಿಗೂ ಮೈಲಿಗೆಯಿರಲಿಲ್ಲ.

ನಮ್ಮ ಕಾಕಾ ಪೇಟೆಯಲ್ಲಿ ದೊಡ್ಡ ವ್ಯಾಪಾರಿ. ಅವರ ಚೀಲಕ್ಕಾಗಿ ಅವನು ಅಂಗಳಕ್ಕೆ ಬಂದು ಕುಳಿತಾಗ, ಕಟ್ಟೆಯ ಮೇಲೆ ನಿಂತು ಗುಂಡು ತೆಗೆದ ಪಿಸ್ತೂಲನ್ನು ತೋರಿಸುವ ಕೆಲಸ ನನಗೆ ಬಿತ್ತು.

"ಸ್ವಲ್ಪ ಹೊಳ್ಳಸ್ರಿ, ಸಣ್ಣಬಾಯಾರ. ಹಾಂ! ಇದರ ಹೊಟ್ಟಿ ನಿಮ್ಮ ಕಾಕಾನ ಹೊಟ್ಟಿಕಿಂತ ನೆಟ್ಟಗೈತಿ."

"ಏನಂದ್ಯೋ ಯಲ್ಲ್ಯಾ?" ಒಳಗಿನಿಂದ ಕಾಕಾ.

"ಪಿಸ್ತೂಲ ಭಾಳ ಛಂದ ಐತಿ ಅಂದ್ನಿರಿ, ಸಾವಕಾರ್ರ!"

ನಾನು ನಕ್ಕು ಪಿಸ್ತೂಲು ಬೀಳಿಸುವುದರಲ್ಲಿದ್ದೆ. ಹಿಡಿಯಲು ಅವನ ಎರಡೂ ಕೈ ಮುಂದೆ ಬಂದವು. ಮರುಗಳಿಗೆಗೆ ಹಿಂದೆ ಹೋದವು.

ಬ್ರಿಟಿಷರ ವಿರುದ್ಧದ ಚಳವಳಿಯವರು ಸುತ್ತಮುತ್ತ ಖಜಾನೆಗಳನ್ನು ಲೂಟಿ ಮಾಡುತ್ತಿದ್ದ ಕಾಲ ಅದು. ಸುಳ್ಳು ಪಿಸ್ತೂಲು ತೋರಿಸಿ ಹೆದರಿಸಿದರು ಎಂದು ಸುದ್ದಿ. ಸಂಸ್ಥಾನದ ಫೌಜದಾರ ಯಲ್ಲಪ್ಪನ ಗೋಡೆ ನೋಡಿದ, ಅವನನ್ನು ಹಿಡಿದೊಯ್ದ. ಮರುದಿನ ಅವನ ಹೆಂಡತಿ ಸಿದ್ದವ್ವ ನಮ್ಮ ಅಂಗಳದಲ್ಲಿ ನಿಂತಿದ್ದಳು.

"ಅವು ಚೀಲ ಮಾಡೂ ಅಚ್ಚು ಅಂತ ಒಬ್ಬ ಗಿರಾಕಿ ಬಂದು ಹೇಳಿದ್ರ ಬಿಡತಾರಂತ್ರಿ. ನಿಮ್ಮ ಕಾಲ ಬೀಳತೇನಿ, ಸಾವಕಾರ್ರ."

ಕಾಕಾನ ಸೊಂಟದಲ್ಲಿ ಆ ಚೀಲವೇ ಇತ್ತು. "ಯಾವ ಯಲ್ಲಪ್ಪ? ಇದನ್ನ ನಾ ಕೊಲ್ಲಾಪುರದಾಗ ಕೊಂಡೇನಿ" ಎಂದರು.

ನನ್ನ ಒಂದು ನೆನಪಿನಲ್ಲಿ ನಾನು "ಸುಳ್ಳ! ಪಿಸ್ತೂಲ ನಾನ ತೋರಿಸೇನಿ" ಎಂದು ಕೂಗುತ್ತೇನೆ. ಇನ್ನೊಂದರಲ್ಲಿ ಬಾಗಿಲ ಹಿಂದೆ ನಿಂತು ಲಂಗದ ಅಂಚು ಕಚ್ಚುತ್ತಿದ್ದೇನೆ. ಎರಡನೆಯದೇ ನಿಜವಿರಬೇಕು. ಮೊದಲನೆಯದನ್ನು ನಾನು ಕಾಲೇಜಿಗೆ ಹೋದಮೇಲೆ ಕಟ್ಟಿಕೊಂಡಿರಬಹುದು.

ಯಲ್ಲಪ್ಪ ತಿಂಗಳುಗಟ್ಟಲೆ ಜೇಲಿನಲ್ಲಿದ್ದು ಬಂದ. ಬಲಗೈಯ ಹೆಬ್ಬೆರಳು ಮಡಚುತ್ತಿರಲಿಲ್ಲ; ಆ ಕೈಯಲ್ಲಿ ಚರ್ಮ ಹೊಲಿಯುವ ದಬ್ಬಳ ನಿಲ್ಲುವುದು ಹೇಗೆ? ಗಂಡ ಹೆಂಡತಿ ಆರಗ ಎಂಬ ಹಳ್ಳಿಯ ಕಡೆ ಹೋದರು ಎಂದು ಕೇಳಿದೆ. ಆಮೇಲೆ ಏನೂ ಕೇಳಲಿಲ್ಲ. ನಾನು ವಿಚಾರಿಸಲೂ ಇಲ್ಲ.

ಹೋದ ವಾರ ಸಾಂಗಲಿಗೆ ಹೋಗಿ, ಹಾಸಿಗೆ ಹಿಡಿದ ಕಾಕಾನ ಹತ್ತಿರ ಕುಳಿತು ಕೇಳಿದೆ: "ಸಿದ್ದವ್ವ ಬಂದ ದಿನ ನೀವು ಹೌದು ಅಂದಿದ್ರ ನಿಮ್ಮದು ಏನ ಹೋಗತಿತ್ತರಿ, ಕಾಕಾ?"

ಅವರು ಸೊಸೆಯನ್ನು ಕೂಗಿ, ನನಗೆ ಚಹಾ ಕೊಡುವಂತೆ ಮರಾಠಿಯಲ್ಲಿ ಹೇಳಿದರು. ಕುಡಿದು ಮುಗಿಸಿದ ಮೇಲೂ ಬಹಳ ಹೊತ್ತು ಕುಳಿತೆ.